ಮಗಳು ತೋಳ ಅಂತಾಳ್ರೀ, ಏನ್ ಮಾಡ್ಲಿ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಹಗ್ಗಕ್ಕೆ ಕಟ್ಟಬಹುದಾದಂಥವು. ಒಂದರಲ್ಲಿ ತೋಳ, ಒಂದರಲ್ಲಿ ಚಿಗರಿ (ಕೃಷ್ಣಮೃಗ), ಇನ್ನೊಂದರಲ್ಲಿ ಹೋರಿ. ಬರೆದವರ ಹೆಸರು ಹಾಕಿಲ್ಲ. ಮೊದಲನೆಯದಕ್ಕೆ ಉದ್ದ ಉತ್ತರ ಬೇಕಿತ್ತು, ಅದಕ್ಕೇ ಜಾಗವೆಲ್ಲ ಹೋಗಿದೆ. ಈ ಮೂರರ ಹೊರತು ಬೇರೆ ಪತ್ರದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾವು ಗದಗ-ಬೆಟಗೇರಿಯವರು. ನಮ್ಮ ಮನಿಯವರದು ಸೀರಿ ಅಂಗಡಿ. ಮಗಳು ಪಿಯುಸಿ ಮೊದಲನೇ ವರ್ಷ, ಸೈನ್ಸ್. ಅಭ್ಯಾಸದಾಗ ಶಾಣ್ಯಾ. ಬ್ಯಾಸಗಿ ಸೂಟಿಯಿಂದ ಒಂದು ನಮೂನಿ ಆಗ್ಯಾಳ. ನನ್ನ ಹಳೇ ಉಣ್ಣಿ ಶಾಲು ಕತ್ತರಿಸಿ ಬಾಲ ಹೊಲಕೊಂಡಾಳ. ರಟ್ಟಿನ ಮುಖವಾಡಕ್ಕ ಬೂದಿ ಬಣ್ಣ ಹಚ್ಚಿ ಕಿವಿ ಅಂಟಿಸ್ಯಾಳ. ಸಂಜೀಕ ಮಾಳಿಗಿ ಮ್ಯಾಲೆ ಕೈ ಕಾಲು ನಾಲ್ಕೂ ಊರಿ ಓಡ್ತಾಳ, ನೀರಿನ ಟಾಕಿ ಕಟ್ಟಿ ಜಿಗೀತಾಳ. ಕೇಳಿದ್ರ “ಅವ್ವಾ, ನಾ ಥೀರಿಯನ್, ನನ್ನೊಳಗ ತೋಳ ಐತಿ” ಅಂದ್ಲು. ಬಾಜೂ ಮನಿ ಹುಡುಗ ವಿಡಿಯೊ ಮಾಡ್ಯಾನ. ನಮ್ಮತ್ತಿಯವರು ಗಾಳಿ ಸೋಂಕೇತಿ, ನೋಡೋರ ಕಡೆ ತೋರಸ್ರಿ ಅಂತಾರ. ಇವರು ಮೊಬೈಲ್ ಕಸಗೊಂಡು, “ಇನ್ನೊಂದು ಸಲ ಕಂಡ್ರ ಧಾರವಾಡಕ್ಕ ಒಯ್ತೀನಿ” ಅಂದ್ರು. ಆವತ್ತಿಂದ ಅಕಿ ನಮ್ಮ ಜೋಡಿ ಮಾತು ಬಿಟ್ಟಾಳ. ಇದು ಹುಚ್ಚೇನ್ರಿ? ನಾಳೆ ಲಗ್ನದ ಮಾತು ಬಂದಾಗ ಆ ವಿಡಿಯೊ ಯಾರರ ತೋರಿಸಿದ್ರ? ಅಕಿನೂ ನಿಮ್ಮ ಅಂಕಣ ಓದ್ತಾಳ, ಸ್ವಲ್ಪ ನೋಡಿ ಬರೀರಿ.

ಉತ್ತರ: ತಂಗಿ, ಹುಚ್ಚಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ನಿಧಾನಕ್ಕೆ ಓದಬಹುದು.

ಥೀರಿಯನ್ ಅನ್ನುವುದು ರೋಗದ ಹೆಸರಲ್ಲ. ವೈದ್ಯರ ಪಟ್ಟಿಯಲ್ಲಿ ಹಾಗೊಂದು ಕಾಯಿಲೆ ಇಲ್ಲ. ತಮ್ಮ ಒಳಗಿನ ಜೀವ ಯಾವುದೋ ಒಂದು ಪ್ರಾಣಿಯದು ಅಂತ ಅನ್ನಿಸುವವರು ತಮಗೆ ತಾವೇ ಇಟ್ಟುಕೊಂಡ ಹೆಸರು ಅದು. 1992ರಲ್ಲಿ ತೋಳಮಾನವರ ಭಯಾನಕ ಕಥೆಗಳ ಬಗ್ಗೆ ಹರಟೆ ಹೊಡೆಯಲು ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಹುಟ್ಟಿತು. ಅಲ್ಲಿ “ನನಗಿದು ಬರೀ ಕಥೆಯಲ್ಲ, ಒಳಗೆ ಹೀಗೇ ಅನ್ನಿಸುತ್ತದೆ” ಎನ್ನುವವರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಅಲ್ಲಿಂದ ಬೆಳೆದು ಬಂದದ್ದು ಇದು. ಡ್ರ್ಯಾಗನ್ನಿನಂಥ, ಭೂಮಿಯ ಮೇಲೆ ಇಲ್ಲದ ಜೀವಿಗಳ ಜೊತೆ ಗುರುತಿಸಿಕೊಳ್ಳುವವರೂ ಇದ್ದಾರೆ, ಅವರು ತಮ್ಮನ್ನು ಅದರ್‌ಕಿನ್ ಅಂತ ಕರೆದುಕೊಳ್ಳುತ್ತಾರೆ. ಬಾಲ, ಮುಖವಾಡ, ನಾಲ್ಕು ಕಾಲಿನ ಓಟ ಇವೆಲ್ಲ ಈಚೆಗೆ ಸಣ್ಣ ವಿಡಿಯೊಗಳ ಮೂಲಕ ಹದಿಹರೆಯದವರಲ್ಲಿ ಹಬ್ಬಿದವು. ಓಟಕ್ಕೆ ಕ್ವಾಡ್ರೋಬಿಕ್ಸ್ ಅನ್ನುತ್ತಾರೆ. ಅದನ್ನು ನೋಡಿ ನಗುವವರಿಗೆ ಒಂದು ಮಾತು: ಜಪಾನಿನ ಕೆನಿಚಿ ಇಟೊ ಮಂಗಗಳ ನಡಿಗೆ ನೋಡಿ ಕಲಿತು, 2015ರಲ್ಲಿ ನಾಲ್ಕು ಕೈಕಾಲು ಊರಿ 100 ಮೀಟರ್ ಓಡಿದ, 15.71 ಸೆಕೆಂಡಿನಲ್ಲಿ. ಆಗ ಅದು ಗಿನ್ನೆಸ್ ದಾಖಲೆ. ನಿಮ್ಮ ಬಾಜೂ ಮನೆಯ ವಿಡಿಯೊ ಹುಡುಗ ಎರಡೇ ಕಾಲಲ್ಲಿ ಅಷ್ಟರೊಳಗೆ ಮುಗಿಸುತ್ತಾನೋ ನೋಡಿರಿ.

ಇನ್ನು ಹುಚ್ಚಿನ ಮಾತು. ಶಾಲು ಕತ್ತರಿಸಿ ಬಾಲ ಹೊಲಿದುಕೊಂಡವಳಿಗೆ ತನಗೆ ಬಾಲ ಇಲ್ಲ ಅಂತ ಗೊತ್ತಿದೆ. ಇಲ್ಲದಿದ್ದರೆ ಯಾಕೆ ಹೊಲಿಯುತ್ತಿದ್ದಳು? ಕಾಯಿಲೆ ಇರುವುದು ಇದರ ಆಚೆ ದಂಡೆಯಲ್ಲಿ. ತನ್ನ ಮೈ ನಿಜವಾಗಿಯೂ ಪ್ರಾಣಿಯಾಗುತ್ತಿದೆ, ಹಲ್ಲು ಬೆಳೆಯುತ್ತಿದೆ, ಕೂದಲು ಬರುತ್ತಿದೆ ಅಂತ ನಂಬಿ ನಡುಗುವ ಒಂದು ಸ್ಥಿತಿ ಇದೆ. ವೈದ್ಯರು ಲೈಕಾಂತ್ರಪಿ ಅನ್ನುತ್ತಾರೆ. ಬಹಳ ವಿರಳ. ಬಂದರೂ ಸಾಮಾನ್ಯವಾಗಿ ತೀವ್ರ ಮನೋರೋಗದ ಅಥವಾ ಗಾಢ ಖಿನ್ನತೆಯ ಬೆನ್ನು ಹತ್ತಿ ಬರುತ್ತದೆ. ಹಾಗಾಗಿ ನೀವು ಬಾಲ ನೋಡಬೇಡಿರಿ, ಬಾಲ ಬಿಚ್ಚಿದ ಮೇಲಿನ ಹುಡುಗಿಯನ್ನು ನೋಡಿರಿ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ, ಮಲಗುತ್ತಾಳೆಯೇ? ಕಾಲೇಜಿಗೆ ಹೋಗುತ್ತಾಳೆಯೇ? ಗೆಳತಿಯರಲ್ಲಿ ಒಬ್ಬಳಾದರೂ ಉಳಿದಿದ್ದಾಳೆಯೇ? ಯಾರೂ ಆಡದ ಮಾತು ಕೇಳಿಸುತ್ತದೆ ಅನ್ನುತ್ತಾಳೆಯೇ? ಕೈ ಕೊಯ್ದುಕೊಂಡ ಗುರುತೇನಾದರೂ ಕಂಡಿತೇ? ತೋಳ ಬೇಡವೆಂದಾಗಲೂ ಬರುತ್ತದೆ, ಹೋಗು ಅಂದರೆ ಹೋಗುವುದಿಲ್ಲ ಅಂತ ಅವಳೇ ಹೆದರಿದ್ದಾಳೆಯೇ? ಕೊನೆಯ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಹೌದು, ಅದಕ್ಕೆ ಮೊದಲಿನವುಗಳಲ್ಲಿ ಒಂದಕ್ಕಾದರೂ ಇಲ್ಲ ಅಂತ ಉತ್ತರ ಬಂದರೆ ತಡ ಮಾಡದೆ ಡಾಕ್ಟರರ ಹತ್ತಿರ ಹೋಗಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಕಂಡದ್ದು ಒಂದೇ: ಮೊಬೈಲ್ ಕಸಿದ ದಿನದಿಂದ ಮಾತು ಬಿಟ್ಟಿದ್ದು. ಅದು ತೋಳದ ಲಕ್ಷಣ ಅಲ್ಲ.

ನಿಮ್ಮ ಯಜಮಾನರ “ಧಾರವಾಡಕ್ಕ ಒಯ್ತೀನಿ” ಎಂಬ ಮಾತಿಗೂ ಉತ್ತರ ಕೊಡಲೇಬೇಕು. ಈ ಊರಿನವಳಾಗಿ ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಬಸ್ಸಿನಲ್ಲಿ ಯಾವೂರು ಅಂದಾಗ ಧಾರವಾಡ ಅಂದರೆ ಎದುರಿನವರ ತುಟಿಯ ಮೇಲೆ ಒಂದು ನಗು ಹಾದುಹೋಗುತ್ತದೆ. ಪೇಢೆ ನೆನೆಸಿಕೊಂಡು ನಕ್ಕಿದ್ದಲ್ಲ ಅದು. ಇಲ್ಲಿನ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಎಷ್ಟೋ ಮನೆಗಳಿಗೆ ಮನುಷ್ಯರನ್ನು ಮರಳಿ ಕೊಟ್ಟಿದೆ. ಅದನ್ನು ಗುಮ್ಮನ ಹಾಗೆ ತೋರಿಸಿ ಹೆದರಿಸಿದರೆ, ನಾಳೆ ನಿಜಕ್ಕೂ ಬೇಕಾದಾಗ ಮಗಳು ಆ ಗೇಟಿನೊಳಗೆ ಕಾಲಿಡುವುದಿಲ್ಲ. ಯಜಮಾನರಿಗೆ ಇದನ್ನು ಓದಿ ಹೇಳಿರಿ, ಗಟ್ಟಿಯಾಗಿಯೇ.

ಅತ್ತೆಯವರ ಮಾತು ಇದಕ್ಕಿಂತ ವಿಚಾರ ಮಾಡಬೇಕಾದದ್ದು. ಅವರು ಕಂಡ ಲೋಕದಲ್ಲಿ ಮನುಷ್ಯ ಪ್ರಾಣಿಯಾಗುವುದು ಹೊಸದಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋಗಿದ್ದರೆ ನೋಡಿರುತ್ತೀರಿ. ಮಾಲತೇಶನ ಗೊರವಪ್ಪಗಳು ಕರಿ ಕಂಬಳಿ ಹೊದ್ದು, ತಾವು ದೇವರ ನಾಯಿಗಳು ಅಂತ ಬೊಗಳುತ್ತಾರೆ. ಭಕ್ತರು ದೋಣಿ ಎಂಬ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣು ಹಾಕಿದರೆ ಮುಗಿಬಿದ್ದು, ಒಬ್ಬರ ಮೇಲೊಬ್ಬರು ಗುರ್ರೆಂದು ಬಾಯಿ ಹಚ್ಚಿ ತಿನ್ನುತ್ತಾರೆ. “ಏಳು ಕೋಟಿ ಏಳು ಕೋಟಿಗೋ” ಅಂತ ಕೈ ಮುಗಿಯುವವರಲ್ಲಿ ಒಬ್ಬರೂ ಅವರನ್ನು ಹುಚ್ಚರು ಅನ್ನುವುದಿಲ್ಲ. ಮೊಹರಮ್ಮಿನಲ್ಲಿ ನಮ್ಮ ಹಳ್ಳಿಗಳಲ್ಲಿ ಹರಕೆ ಹೊತ್ತು ಹುಲಿಯಾಗುವವರಲ್ಲಿ ಹಿಂದೂ ಮನೆಯ ಹುಡುಗರೂ ಇರುತ್ತಾರೆ, ಹಳದಿ ಬಣ್ಣ ಬಳಿದು ಪಟ್ಟೆ ಎಳೆದು ಹಲಗಿಗೆ ಹೆಜ್ಜೆ ಹಾಕುತ್ತಾರೆ. ತಾಯಂದಿರೇ ಎದುರು ನಿಂತು ಬಣ್ಣ ಹಚ್ಚಿಸುತ್ತಾರೆ.

ಹಾಗಂತ “ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು” ಅಂತ ಹೇಳಿ ಕೈ ತೊಳೆದುಕೊಳ್ಳುವವಳು ನಾನಲ್ಲ. ಗೊರವಪ್ಪನದು ದೀಕ್ಷೆ, ಹುಲಿಯ ಹುಡುಗನದು ಹರಕೆ, ನಿಮ್ಮ ಮಗಳದು ಎರಡೂ ಅಲ್ಲ. ಅಲ್ಲಿ ವೇಷ ಊರು ಕೊಟ್ಟದ್ದು. ಯಾವತ್ತು ಹಾಕಬೇಕು, ಯಾವತ್ತು ತೊಳೆಯಬೇಕು ಅನ್ನುವುದೂ ಊರಿಗೇ ಗೊತ್ತು. ಕತ್ತಲ ರಾತ್ರಿ ಮುಗಿದು ದೇವರು ಹೊಳೆಗೆ ಹೋದ ಮೇಲೆ ಹುಲಿ ಸ್ನಾನ ಮಾಡಿ ಕಟಿಂಗ್ ಅಂಗಡಿ ತೆರೆಯುತ್ತಾನೆ. ನಿಮ್ಮ ಮಗಳು ತನ್ನ ಪ್ರಾಣಿಯನ್ನು ತಾನೇ ಆರಿಸಿಕೊಂಡಳು, ತಾನೇ ಹೊಲಿದುಕೊಂಡಳು. ಅವಳಿಗೆ ಹಲಗಿ ಬಡಿಯುವವರು ಯಾರೂ ಇಲ್ಲ, ಮಾಳಿಗೆಯೇ ಅಖಾಡ. ಅವಳ ಜೊತೆ ಇರುವವರು ಫೋನಿನೊಳಗೆ ಇದ್ದರು, ನೀವು ಫೋನನ್ನೇ ಕಸಿದಿರಿ. ಈಗ ಆ ತೋಳ ಪೂರ್ತಿ ಒಂಟಿ. ನನ್ನನ್ನು ಕೇಳಿದರೆ ಮೊದಲು ಮಾಡಬೇಕಾದ ಕೆಲಸ ಮೊಬೈಲ್ ವಾಪಸ್ ಕೊಡುವುದು. ರಾತ್ರಿ ಎಷ್ಟು ಹೊತ್ತಿಗೆ ಇಡಬೇಕು, ಗುರುತಿಲ್ಲದ ದೊಡ್ಡವರು ಮಾತಿಗೆಳೆದರೆ ನಿಮಗೆ ಹೇಳಬೇಕು, ಫೋಟೊ ಕೇಳಿದರೆ ಕಳಿಸಬಾರದು, ಇಷ್ಟನ್ನು ಕೂತು ಮಾತಾಡಿ ಕೊಡಿರಿ.

ಆಮೇಲೆ “ತೋಳ ಖರೇನ ಐತೇನು?” ಅಂತ ವಾದಕ್ಕೆ ಇಳಿಯಬೇಡಿರಿ. ಅದರಲ್ಲಿ ಯಾರೂ ಗೆಲ್ಲುವುದಿಲ್ಲ. ಆ ತೋಳ ನಿನಗೆ ಏನು ಮಾಡಿಕೊಡುತ್ತದೆ ಅಂತ ಕೇಳಿರಿ. ನಾನು ಹಾವೇರಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಒಬ್ಬ ಹುಡುಗನಿದ್ದ. ಹಾಜರಿ ಕರೆದರೆ “ಪ್ರೆಸೆಂಟ್” ಅನ್ನುವಷ್ಟರಲ್ಲಿ ಮುಂದಿನ ನಾಲ್ಕು ಹೆಸರು ಮುಗಿದಿರುತ್ತಿದ್ದವು, ಅಷ್ಟು ತೊದಲು. ಗ್ಯಾದರಿಂಗಿನಲ್ಲಿ ಹನುಮಂತನ ಪಾರ್ಟು ಬಂತು. ಬಾಲ ಕಟ್ಟಿದ ಕೂಡಲೇ ರಾವಣನ ಎದುರು ನಿಂತು ಪುಟಗಟ್ಟಲೆ ಮಾತು ಒಂದೂ ಕಡೆ ನಿಲ್ಲದೆ ಹೇಳಿದ. ತೊದಲುವ ಅನೇಕರು ಪಾತ್ರದೊಳಗೆ ಹೋದಾಗ ಸರಾಗ ಮಾತಾಡುತ್ತಾರೆ, ಇದು ತಜ್ಞರಿಗೆ ಗೊತ್ತಿರುವ ಸಂಗತಿ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಬೇಸರ ಹುಟ್ಟಿಸುವ ಕೆಲಸ ಕೊಟ್ಟು ಪಕ್ಕದಲ್ಲೇ ಆಟವನ್ನೂ ಇಟ್ಟಿದ್ದರು. ಬ್ಯಾಟ್‌ಮನ್‌ನಂಥ ಪಾತ್ರವಾಗಿ, “ಬ್ಯಾಟ್‌ಮನ್ ಕಷ್ಟಪಟ್ಟು ಕೆಲಸ ಮಾಡ್ತಿದ್ದಾನೆಯೇ?” ಅಂತ ತಮ್ಮನ್ನೇ ಕೇಳಿಕೊಂಡ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ಹದಿನಾರರ ಹುಡುಗಿಗೆ ಏನು ಬೇಕಾಗಿತ್ತೋ ನನಗೆ ಗೊತ್ತಿಲ್ಲ. ಸೈನ್ಸ್ ಅವಳೇ ಆರಿಸಿದಳೋ, ನೀವು ಕೊಡಿಸಿದಿರೋ? ಸಂಜೆ ಹೊರಗೆ ಓಡಲು ಅವಳಿಗೆ ಬೇರೆ ಜಾಗ ಇದೆಯೋ? ಕೇಳಿದರೆ ಅವಳೇ ಹೇಳುತ್ತಾಳೆ, ಮಾತು ಶುರುವಾಗಬೇಕು ಅಷ್ಟೆ.

ಈಗ ನಿನಗೆ, ಹುಡುಗಿ. ಓದ್ತಾ ಇದ್ದೀ ಅಂತ ಗೊತ್ತು. ನಿನ್ನ ಮುಖವಾಡಕ್ಕೆ ಬೂದಿ ಬಣ್ಣ ಅಂತ ನಿಮ್ಮವ್ವ ಬರೆದಿದ್ದಾರೆ. ಹಿಮದ ಮೇಲೆ ನಿಂತ ದಟ್ಟ ತುಪ್ಪಳದ ತೋಳವನ್ನು ನೋಡಿ ಹಚ್ಚಿದ್ದೀಯಾ? ನಮ್ಮ ತೋಳ ಹಾಗಿಲ್ಲ. ಅದು ಸಣಕಲು, ತೆಳು ತುಪ್ಪಳ, ನಮ್ಮ ಒಣ ಹುಲ್ಲಿನ ಬಣ್ಣ, ತೂಕ 20 ಕಿಲೊ ಆಸುಪಾಸು. ದಟ್ಟ ಕಾಡು ಅದಕ್ಕೆ ಬೇಕಿಲ್ಲ, ಬಯಲು, ಕುರುಚಲು, ಕುರಿ ಮೇಯುವ ಜಾಗ ಬೇಕು. ನಿಮ್ಮೂರಿಂದ ದೂರವೇನಿಲ್ಲ: 2019ರಲ್ಲಿ ಅಭಯಾರಣ್ಯವಾದ ಕಪ್ಪತಗುಡ್ಡ, 244 ಚದರ ಕಿ.ಮೀ., ಅಲ್ಲಿ ಇದೆ. ಕುರಿಗಾರರನ್ನು ಕೇಳು, ಇಂಟರ್ನೆಟ್ಟಿನ ಎಲ್ಲ ತೋಳಗಳಿಗಿಂತ ಹೆಚ್ಚು ಹೇಳುತ್ತಾರೆ, ಬೈಗುಳ ಸೇರಿಸಿ. ಗುಂಪಿನ “ಆಲ್ಫಾ” ಅಂತ ನೀನು ಕೇಳಿರಬಹುದು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ, ಮುಂದಾಳು ಅಂದರೆ ಅವ್ವ ಅಪ್ಪ. ಒಂಟಿ ತೋಳ ಕಂಡರೆ ಅದು ಬಹಳ ಸಲ ಮನೆ ಬಿಟ್ಟು ಜೋಡಿ ಹುಡುಕಲು ಹೊರಟ ಹರೆಯದ್ದು.

ಮಾಳಿಗೆಯ ಸಿಮೆಂಟಿನ ಮೇಲೆ ಓಡಬೇಡ. ಮಣಿಕಟ್ಟು ಹೋಗುತ್ತದೆ, ಮನುಷ್ಯರ ಕೈ ಎಲುಬು ದಿನಾ ಮೈಭಾರ ಹೊತ್ತು ಜಿಗಿಯಲು ರೂಢಿಯಾದದ್ದಲ್ಲ. ಕೈಗವಸು ಹಾಕು, ಹುಲ್ಲಿನ ಮೈದಾನ ಹುಡುಕು, ಮೊದಲು ಮೈ ಸಡಿಲು ಮಾಡಿಕೋ, ಟಾಕಿ ಕಟ್ಟೆಯಿಂದ ಜಿಗಿಯುವುದು ಪೂರ್ತಿ ಬಿಡು. ನಿಜವಾದ ಪ್ರಾಣಿಯ ಬಾಲ, ಚರ್ಮ, ಉಗುರು ಯಾರಾದರೂ ಮಾರಲು ಬಂದರೆ ಹತ್ತಿರ ಸೇರಿಸಬೇಡ. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿದೆ, ಅಂಥದ್ದನ್ನು ಇಟ್ಟುಕೊಂಡರೂ ಜೈಲು. ಅವ್ವನ ಶಾಲು ಸಾಕು, ಆದರೆ ಮುಂದಿನ ಸಲ ಕೇಳಿ ಕತ್ತರಿಸು.

ವಿಡಿಯೊದ ವಿಷಯ, ತಂಗಿ. ಮಾಡಿದವನ ಮನೆಗೆ ನೀವಿಬ್ಬರೂ ಹೋಗಿ, ಕೂಗಾಡದೆ, ಎದುರಿಗೇ ಅಳಿಸಿರಿ ಅಂತ ಹೇಳಿರಿ. ಅಪ್ರಾಪ್ತ ಹುಡುಗಿಯ ವಿಡಿಯೊ ಅವಳನ್ನು ಕೇಳದೆ ತೆಗೆದು ಹರಿಬಿಟ್ಟರೆ ಪೊಲೀಸರವರೆಗೆ ಹೋಗುತ್ತದೆ ಅನ್ನುವುದು ಅವರಿಗೂ ತಿಳಿದಿರಲಿ. ಮಕ್ಕಳ ಸಹಾಯವಾಣಿ 1098 ಇದೆ. ಅಪ್ಪ ಮಗಳ ಪರವಾಗಿ ಆ ಮನೆಯ ಬಾಗಿಲಿಗೆ ಹೋದ ಅಂತ ಮಗಳಿಗೆ ತಿಳಿದರೆ ಅವಳ ಮೌನ ತಾನೇ ಮುರಿದೀತು. ಲಗ್ನದ ಚಿಂತೆಗೆ ಇನ್ನೂ ವರ್ಷಗಳಿವೆ. ಹುಡುಗಿ ಬಾಲ ಕಟ್ಟಿ ಓಡಿದ್ದಳು ಅಂತ ಹಿಂದೆ ಸರಿಯುವ ಬೀಗರು ಬೇರೆ ಯಾವುದಕ್ಕಾದರೂ ಹಿಂದೆ ಸರಿಯುವವರೇ.

ಪ್ರಶ್ನೆ: ಮೇಡಮ್, ನಾನು ರಾಣೆಬೆನ್ನೂರಿನವನು, ಹುಬ್ಬಳ್ಳಿಯಲ್ಲಿ ಬಿ.ಇ. ಮೂರನೇ ವರ್ಷ. ನನ್ನದೊಂದು ಫರ್ಸೋನಾ ಇದೆ, ಅಂದರೆ ನನಗೆ ನಾನೇ ಕಲ್ಪಿಸಿಕೊಂಡ ಪ್ರಾಣಿಪಾತ್ರ. ಚಿಗರಿಯ ಮೈ, ಚಿಗರಿಯ ಕೋಡು, ನವಿಲಿನ ಬಾಲ. ಅದರ ಚಿತ್ರ ಬರೆಯುತ್ತೇನೆ, ಅದರ ಹೆಸರಿನಲ್ಲೇ ಆನ್‌ಲೈನ್ ಗೆಳೆಯರ ಜೊತೆ ಮಾತಾಡುತ್ತೇನೆ. ಇಂಥ ಪ್ರಾಣಿಪಾತ್ರಗಳ ಅಭಿಮಾನಿಗಳಿಗೆ ಫರ್ರಿ ಅನ್ನುತ್ತಾರೆ. ರೂಮ್‌ಮೇಟ್ ನೋಡಿ “ಫರ್ರಿ ಅಂದ್ರ ಹೊಲಸು ಮಂದಿ” ಅಂದ. ನಾನೂ ಥೀರಿಯನ್ನೇ? ಫರ್‌ಸೂಟ್ (ಆ ಪ್ರಾಣಿಯ ತುಪ್ಪಳದ ವೇಷ) ಹೊಲಿಸಲು ಸ್ಟೈಪೆಂಡ್ ಕೂಡಿಡುತ್ತಿದ್ದೇನೆ, ಹೊಲಿಸಲೇ?

ಉತ್ತರ: ಥೀರಿಯನ್ “ನಾನು ತೋಳ” ಅನ್ನುತ್ತಾಳೆ. ನೀನು “ಇದು ನನ್ನ ಚಿಗರಿ” ಅನ್ನುತ್ತೀಯ. ನಿನ್ನದು ಕಲೆ, ವೇಷ, ಗೆಳೆತನದ ಹವ್ಯಾಸ. ಕೆಲವರು ಎರಡೂ ಆಗಿರುತ್ತಾರೆ, ಅದು ಅವರವರ ಲೆಕ್ಕ. ಫರ್ರಿಗಳ ಬಳಗ ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ವಿಜ್ಞಾನಕಥೆ ಮತ್ತು ಕಾಮಿಕ್ಸ್ ಅಭಿಮಾನಿಗಳ ನಡುವೆ. ಅವರದೇ ಮೊದಲ ಸಮಾವೇಶ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. ಈಗ ಪಿಟ್ಸ್‌ಬರ್ಗ್ ನಗರದಲ್ಲಿ ಬೇಸಿಗೆಯಲ್ಲಿ ಸಾವಿರಾರು ಮಂದಿ ಸೇರುತ್ತಾರೆ. ಅಲ್ಲಿ ಬಡವರಿಂದ ಹಿಡಿದು ಎಂಜಿನಿಯರುಗಳವರೆಗೆ ಎಲ್ಲರೂ ಇದ್ದಾರೆ. ದೊಡ್ಡವರಿಗಷ್ಟೇ ಆದ ಚಿತ್ರಗಳನ್ನು ಬರೆಯುವವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಸಿನಿಮಾದಲ್ಲೂ ಇದ್ದಾರೆ, ಅದಕ್ಕೆ ನಿನ್ನ ರೂಮ್‌ಮೇಟ್ ಟಾಕೀಸಿಗೆ ಹೋಗುವುದು ಬಿಟ್ಟಿದ್ದಾನೆಯೇ? ನಿನಗೆ ಹದಿನೆಂಟು ದಾಟಿದೆ. ಅಪ್ರಾಪ್ತರು ಇರುವ ಗುಂಪಿನಲ್ಲಿ ಅಂಥ ಮಾತು ನಡೆದರೆ ಅಲ್ಲಿಂದ ಎದ್ದು ಬಾ. ಉಳಿದದ್ದರಲ್ಲಿ ನಾಚಿಕೆಯ ವಿಷಯ ನನಗೆ ಕಾಣುವುದಿಲ್ಲ.

ನಿನ್ನ ಪ್ರಾಣಿ ನನಗೆ ಬಹಳ ಹಿಡಿಸಿತು. ಅಲ್ಲಿನವರು ಹೆಚ್ಚಾಗಿ ತೋಳ, ನರಿ, ನಾಯಿ, ಬೆಕ್ಕು, ಡ್ರ್ಯಾಗನ್ ಅಂತ ಸಾಲು ಹಚ್ಚುತ್ತಾರೆ. ನೀನು ನಿಮ್ಮೂರ ಪಕ್ಕದ ಅಭಯಾರಣ್ಯದಿಂದ ಮೈ ತಂದೆ (1974ರಿಂದ ಇರುವ ಚಿಗರಿ ಕಾಡು ಅದು, 119 ಚದರ ಕಿ.ಮೀ.), ಬಂಕಾಪುರದ ಕೋಟೆಯ ನವಿಲುಧಾಮದಿಂದ ಬಾಲ ತಂದೆ. ಹಾವೇರಿ ಜಿಲ್ಲೆಯನ್ನೇ ಹೊಲಿದು ಒಂದು ಪ್ರಾಣಿ ಮಾಡಿದ್ದೀಯ. ಇದು ಹೊಸ ಕಸುಬೂ ಅಲ್ಲ. ಗದಗದಿಂದ 12 ಕಿ.ಮೀ. ದೂರದ ಲಕ್ಕುಂಡಿಗೆ ಸ್ಕೆಚ್ ಪುಸ್ತಕ ಹಿಡಿದು ಹೋಗು. ಗುಡಿಗಳ ಮೇಲಿನ ಮಕರ ನೋಡು: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಬಾಲದ ಕಡೆ ಬಳ್ಳಿಯಾಗಿ ಸುರುಳಿ ಸುತ್ತಿದ ಗರಿ. ಎಲ್ಲಿ ಒಂದು ಪ್ರಾಣಿ ಮುಗಿದು ಇನ್ನೊಂದು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದ ಹಾಗೆ ಬೆಸೆದಿದ್ದಾರೆ. ನೀನು ಕಳಿಸಿದ ಚಿತ್ರದಲ್ಲಿ ಆ ಬೆಸುಗೆ ಇನ್ನೂ ಕಾಣುತ್ತದೆ, ಬಾಲ ಸಿಕ್ಕಿಸಿದ ಹಾಗಿದೆ.

ಹಳೇ ವಿಜ್ಞಾನದ ಟೀಚರಾಗಿ ಎರಡು ತಿದ್ದುಪಡಿ. ಕಪ್ಪು ಬಣ್ಣ ಬಲಿತ ಗಂಡು ಚಿಗರಿಗೆ ಬರುತ್ತದೆ, ಹರೆಯದ್ದು ಕಂದು. ನಿನ್ನ ವಯಸ್ಸಿಗೆ ಅರ್ಧ ಕಪ್ಪು ಅರ್ಧ ಕಂದು ಇದ್ದರೆ ಚೆಂದ. ನವಿಲಿನದು ನಾವು ಬಾಲ ಅನ್ನುವುದು ನಿಜಕ್ಕೂ ಬಾಲದ ಮೇಲೆ ಹೊದಿಸಿದ ಉದ್ದ ಗರಿ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಉದುರಿ ಮತ್ತೆ ಬೆಳೆಯುತ್ತದೆ. ನಿನ್ನ ಪ್ರಾಣಿ ಅಕ್ಟೋಬರಿನಲ್ಲಿ ಬೋಳು ಬಾಲದಲ್ಲಿ ತಿರುಗಬೇಕಾಗುತ್ತದೆ. ಅದರದೊಂದು ಚಿತ್ರ ಬರೆದು ಕಳಿಸು.

ಸೂಟು ಬೇಡ. ಹೊರದೇಶದಲ್ಲಿ ಹೊಲಿಸಿದರೆ ಪೂರ್ತಿ ಸೂಟಿನ ಬೆಲೆ ಲಕ್ಷಗಳಲ್ಲಿ ಹೋಗುತ್ತದೆ. ಅಲ್ಲಿನ ಎಸಿ ಸಭಾಂಗಣದಲ್ಲೇ ಒಳಗೆ ಫ್ಯಾನು, ಮಂಜುಗಡ್ಡೆಯ ಜಾಕೆಟ್ಟು ಹಾಕಿಕೊಳ್ಳುವವರಿದ್ದಾರೆ. ಹುಬ್ಬಳ್ಳಿಯ ಏಪ್ರಿಲ್ಲಿನಲ್ಲಿ ಹಾಕಿಕೊಂಡು ಚೆನ್ನಮ್ಮ ಸರ್ಕಲ್ ದಾಟುವಷ್ಟರಲ್ಲಿ ನಿನ್ನನ್ನು ಆಸ್ಪತ್ರೆಗೆ ಒಯ್ಯಬೇಕಾದೀತು. ತಲೆಯ ಮುಖವಾಡ ಮಾತ್ರ ಫೋಮಿನಲ್ಲಿ ನೀನೇ ಮಾಡು, ಉಳಿದ ದುಡ್ಡಿಗೆ ಒಳ್ಳೆಯ ಬಣ್ಣ ತಗೋ.

ಪ್ರಶ್ನೆ: ಹಾವೇರಿ ತಾಲ್ಲೂಕಿನ ಹಳ್ಳಿಯವ, ವಯಸ್ಸು ಅರವತ್ತು ಮುಗಿದಾವು. ನಮ್ಮ ಹೋರಿ ಹೆಸರು ಬಿರುಗಾಳಿ. ಕೊಬ್ಬರಿ ಹೋರಿ ಹಬ್ಬದಾಗ ಅದರ ಕೊಳ್ಳಾಗಿನ ಕೊಬ್ಬರಿ ಹರಿಯಾಕ ಯಾರ ಕೈಲೂ ಆಗಿದ್ದಿಲ್ಲ. ಹೋರಿ ತೀರಿಕೊಂಡೈತಿ. ಮಂದಿ ಇವತ್ತಿಗೂ ನನ್ನ ಹೆಸರು ಹಿಡಿದು ಕರಿಯಂಗಿಲ್ಲ, “ಬಿರುಗಾಳಿ ಬಂದ, ಜಾಗಾ ಬಿಡ್ರಿ” ಅಂತಾರ. ಮೊಮ್ಮಗಳ ಲಗ್ನಪತ್ರಿಕಿಯೊಳಗ ನನ್ನ ಹೆಸರಿನ ಮುಂದ ಕಂಸದಾಗ ಬಿರುಗಾಳಿ ಅಂತ ಹಾಕ್ಸು ಅಂದ್ರ ಮಗ ಒಲ್ಲೆ ಅಂತಾನ. ದನದ ಹೆಸರು ಮನಷ್ಯಾಗ ಯಾಕ ಅಂತಾನ. ಅವನ ಬೈಕಿನ ಮ್ಯಾಲೆ ಸಿಂಹದ ಸ್ಟಿಕರ್ ಐತಿ. ಹಟ ಹಿಡಿಲೋ ಬಿಡಲೋ?

ಉತ್ತರ: ಹಿಡೀರಿ ಅಣ್ಣಾವರ. ಊರು ಕೊಟ್ಟ ಹೆಸರು ಅದು, ಮಗ ಇಟ್ಟದ್ದಲ್ಲ. ಪತ್ರಿಕೆ ಓದುವ ಅರ್ಧ ಮಂದಿಗೆ ನಿಮ್ಮ ಅಸಲು ಹೆಸರು ಗೊತ್ತೇ ಇರಲಿಕ್ಕಿಲ್ಲ, ಕಂಸ ಇಲ್ಲದಿದ್ದರೆ ಇದು ಯಾರ ಮನೆಯ ಲಗ್ನ ಅಂತ ಕೇಳುತ್ತಾ ಕೂಡುತ್ತಾರೆ. ಮಗನಿಗೆ ಹೇಳಿರಿ, ಸಿಂಹ ಹಾವೇರಿಯಲ್ಲಿ ಎಂದೂ ಕೊಬ್ಬರಿ ಕಟ್ಟಿಕೊಂಡು ಓಡಿಲ್ಲ. ಆಮೇಲೂ ಒಪ್ಪದಿದ್ದರೆ ಮೊಮ್ಮಗಳನ್ನು ಕೇಳಿರಿ, ಲಗ್ನ ಅವಳದು. ಅವಳು ಹೂಂ ಅಂದರೆ ಪ್ರೆಸ್ಸಿಗೆ ನೀವೇ ಹೋಗಿ ಪ್ರೂಫ್ ನೋಡಿರಿ. ಅಲ್ಲಿಯವರು ಕಂಸದೊಳಗಿನ ಅಕ್ಷರ ಸಣ್ಣ ಮಾಡಿಬಿಡುತ್ತಾರೆ.